ಪೇಟಿಗೆ ಬಿಟ್ಟ ಜಾಗ

“ಪೇಟಿ ಹೊರಗ ಇಡ್ರಿ ಸಾಹೇಬ್ರ, ಒಳಗ ನಡ್ಯೂದಿಲ್ಲ,” ಎಂದ ಧಾರವಾಡ ರೇಡಿಯೋ ಕೇಂದ್ರದ ಕಾವಲುಗಾರ ಯಮನಪ್ಪ.

“ಯಾಕ್ರಿ, ಪೇಟಿ ಏನ ತಪ್ಪ ಮಾಡೇತಿ?” ನಾಟಕ ಕಂಪನಿಯ ಪೇಟಿ ಮಾಸ್ತರ ರಸೂಲಸಾಬ ಹಾರ್ಮೋನಿಯಂ ಅವಚಿಕೊಂಡೇ ಕೇಳಿದ.

“ರೇಡಿಯೋದಾಗ ಪೇಟಿ ದನಿನ ಬ್ಯಾಡಂತ ದಿಲ್ಲಿಯವ್ರು ಹುಕುಂ ಮಾಡ್ಯಾರಂತ. ನನ್ನ ಕೇಳಿದ್ರ ಪೇಟಿನೂ ಬಿಡ್ತಿದ್ದೆ, ನಿಮ್ಮನ್ನೂ ಬಿಡ್ತಿದ್ದೆ.”

ಹಾಡಲು ಬಂದಿದ್ದ ನಟಿ ಶೇವಂತೆವ್ವನಿಗೆ ನಗು ಬರಲಿಲ್ಲ. ಅವಳ ಹಾಡಿನ ಗ್ರಾಮಫೋನ್ ಪ್ಲೇಟು ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಇನ್ನೂ ತಿರುಗುತ್ತಿತ್ತು. ಆದರೆ ನಾಟಕ ಕಂಪನಿಯ ಮಾಲಕ ಗುರುಶಿದ್ದಪ್ಪ ಈ ಸಲದ ಹುಬ್ಬಳ್ಳಿ ಮೊಕ್ಕಾಮಿನಲ್ಲಿ ಅವಳಿಗೆ ತಾಯಿಯ ಪಾತ್ರ ಕೊಟ್ಟಿದ್ದ. ತಾಯಿಗೆ ಒಂದೂ ಹಾಡಿರಲಿಲ್ಲ. ಹಾಡುಗಳೆಲ್ಲ ಹೊಸ ಹುಡುಗಿಯ ಪಾಲಾಗಿದ್ದವು. ಇಂದು ಹಾಡಿದ್ದು ಮೆಚ್ಚುಗೆಯಾದರೆ ರೇಡಿಯೋದವರು ತಿಂಗಳಿಗೊಮ್ಮೆ ಕರೆಯುವರು. ಹಾಡಲು ಅವಳಿಗೆ ಉಳಿದಿದ್ದ ಜಾಗ ಅದೊಂದೇ.

“ಕಾಕಾ, ನೀವಿಲ್ದ ನಾ ಎಂದೂ ಹಾಡಿಲ್ರಿ.”

“ತಂಬೂರಿ ಇರ್ತೈತಿ. ದನಿ ನಿಂದ ಐತಿ. ಹೋಗವಾ, ಲಗೂ ಹೋಗು.”

ರಸೂಲಸಾಬ ವರಾಂಡದ ಬೆಂಚಿನ ಮೇಲೆ ಪೇಟಿ ತೊಡೆಗಿಟ್ಟುಕೊಂಡು ಕುಳಿತ. ಗೋಡೆಯ ಸ್ಪೀಕರಿನಲ್ಲಿ ಅವಳ ದನಿ ಬಂತು. ಮೊದಲ ಸಾಲು ಮುಗಿಯಿತು, ದನಿ ನಿಂತುಬಿಟ್ಟಿತು. ತಂಬೂರಿಯೊಂದೇ ಗುಂಯ್‌ಗುಡುತ್ತಿತ್ತು. ಕಾರ್ಯಕ್ರಮ ನೋಡಿಕೊಳ್ಳುವ ತ್ರ್ಯಂಬಕರಾಯರು ಕೋಣೆಯಿಂದ ಧಾವಿಸಿ ಬಂದರು.

“ಮರತಾಳೇನ್ರಿ?”

“ಇಲ್ರಿ. ನಾಟಕದಾಗ ಸಾಲ ಮುಗದ ಕೂಡ್ಲೇ ಪೇಟಿ ಉತ್ತರಾ ಕೊಡ್ತೈತ್ರಿ. ಅದಕ್ಕ ಜಾಗಾ ಬಿಟ್ಟಾಳ.”

“ಅಯ್ಯ, ಹಾಡು ನೇರ ಹೊಂಟದ! ಹಿಂಗ ಜಾಗಾ ಬಿಟ್ರ ಮಂದಿ ರೇಡಿಯೋ ಕೆಟ್ಟದಂತ ಬಡೀತಾರ.”

ಎರಡನೆಯ ಸಾಲಿನ ಕೊನೆಗೂ ಅವಳು ನಿಂತಳು. ರಸೂಲಸಾಬನ ಬೆರಳುಗಳು ತಾವಾಗಿಯೇ ಪೇಟಿಯ ಕರಿ-ಬಿಳಿ ಮನೆಗಳ ಮೇಲೆ ಓಡಿದವು. ತಿದಿಯಲ್ಲಿ ಗಾಳಿ ಇರಲಿಲ್ಲ; ಕಟ್ಟಿಗೆಯ ಟಕಟಕ ಸದ್ದಷ್ಟೇ ಬಂತು. ರಾಯರು ಸ್ಟುಡಿಯೋದ ಕಡೆ ಹೊರಟರು.

ಮೂರನೆಯ ಸಾಲು ಮುಗಿದಾಗ ಅವಳು ನಿಲ್ಲಲಿಲ್ಲ. ಪೇಟಿ ನುಡಿಯಬೇಕಾದುದನ್ನು ಮಾತಿಲ್ಲದೆ ಬರೀ ‘ಆ’ಕಾರದಲ್ಲಿ ತಾನೇ ಹಾಡಿದಳು. ನಡುವೆ ರಸೂಲಸಾಬ ರೂಢಿಯಿಂದ ಸುರವನ್ನು ತುಸು ಎಳೆದು ಕೊಡುತ್ತಿದ್ದ ಸಣ್ಣ ಜಗ್ಗು ಕೂಡ ಹಾಗೆಯೇ ಇತ್ತು. ತನ್ನ ಕೈ ಇಷ್ಟು ಇಂಪಾಗಿ ನುಡಿಯುತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಪೇಟಿಯ ಮುಚ್ಚಳ ಹಾಕಿದ.

ಹಾಡು ಮುಗಿದ ಮೇಲೆ ರಾಯರು ಬಾಗಿಲ ತನಕ ಬಂದರು. “ಮುಂದಿನ ತಿಂಗಳಿಂದ ಬರ್ರಿ, ಬಾಯಿ. ಕಡೀಕ ಆ ಆಕಾರ ತಗೊಂಡ್ರಲ್ಲ, ಭಾಳ ಛಲೋ ಆತು. ಹಂಗ ಇರ್ಲಿ.”

“ಅದು ನಂದಲ್ರಿ,” ಎಂದಳು ಶೇವಂತೆವ್ವ. ರಾಯರು ಆಗಲೇ ಒಳಗೆ ತಿರುಗಿದ್ದರು.

ಹುಬ್ಬಳ್ಳಿಯ ಬಸ್ಸು ಸತ್ತೂರ ದಾಟಿದ ಮೇಲೆ ಶೇವಂತೆವ್ವ ಕೇಳಿದಳು.

“ಮುಂದಿನ ತಿಂಗಳೂ ನನ್ನ ಜೋಡಿ ಬರ್ತೀರಿಲ್ಲ, ಕಾಕಾ?”

“ಯಾಕ, ಯಮನಪ್ಪಗ ಪೇಟಿ ಕಲಸಾಕೇನ?” ರಸೂಲಸಾಬ ನಕ್ಕ. “ಕಂಪನ್ಯಾಗ ಆ ಹುಡುಗಿಗೆ ಇನ್ನೂ ಸುರ ಕುಂದ್ರವಲ್ಲದು. ನಾ ಅಲ್ಲೇ ಇರಬೇಕವಾ.”

ಶೇವಂತೆವ್ವ ಕಿಟಕಿಯ ಕಡೆ ಮುಖ ಮಾಡಿದಳು. ಅದೇ ಹಾಡನ್ನು ಸಣ್ಣಗೆ ಗುನುಗತೊಡಗಿದಳು. ಮೊದಲ ಸಾಲು ಮುಗಿಸಿ ಪೇಟಿಯ ಉತ್ತರಕ್ಕೆ ಜಾಗ ಬಿಟ್ಟಳು. ಬಸ್ಸು ಗಡಗಡ ಸದ್ದು ಮಾಡುತ್ತ ಏರು ಹತ್ತುತ್ತಿತ್ತು. ರಸೂಲಸಾಬ ಎರಡೂ ಕೈಯನ್ನು ಮುಚ್ಚಿದ ಪೇಟಿಯ ಮೇಲಿಟ್ಟು ಕುಳಿತೇ ಇದ್ದ. ಅವಳು ಮುಂದಿನ ಸಾಲು ಎತ್ತಿಕೊಳ್ಳಲಿಲ್ಲ.