ಚೀಲದೊಳಗಿನ ಸೊನ್ನೆ

ನಾನು ವಿಷದ ಗ್ಯಾಸ್ ಮೂಸುವ ಒಂದು ಡಿಟೆಕ್ಟರ್. ಕಾರ್ಖಾನೆಯವರು ನನಗೆ ಕೊಟ್ಟದ್ದು ಒಂದು ಮೂಗು, ಒಂದು ಗಂಟಲು. ಒಂದು ಕೈಯನ್ನೂ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಹಡಗು ಹತ್ತಿಸಿ, ಕಡಲ ನಡುವೆ ಕಬ್ಬಿಣದ ಕಾಲೂರಿ ನಿಂತ ಎಣ್ಣೆ ಬಾವಿಯ ಪ್ಲಾಟ್‌ಫಾರ್ಮಿಗೆ ತಂದರು. ಪಂಪಿನ ಕೋಣೆಯ ಮೂಲೆಯಲ್ಲಿ, ಮೊಣಕಾಲೆತ್ತರದಲ್ಲಿ ನನ್ನ ಜಾಗ. ಕಾಣುತ್ತಿದ್ದದ್ದು ಹೆಚ್ಚಾಗಿ ಬೂಟುಗಳೇ. ನಾನು ಮೂಸಿದ್ದೆಲ್ಲ ಅಂಕಿಯಾಗಿ ಕಂಟ್ರೋಲ್ ರೂಮಿನ ಪರದೆಗೆ ಹೋಗುತ್ತಿತ್ತು. ಅದನ್ನು ಕಾಯುವವಳು ಮಂಗಳೂರಿನ ಲವೀನಾ. ನನ್ನ ಮುಖ ಒರೆಸುವವನು ಅಂಕೋಲೆಯ ಹೊನ್ನಪ್ಪ ಹರಿಕಂತ್ರ. "ಎಂತದಾ ಮೂಗಣ್ಣ, ಸೌಖ್ಯವಾ?" ಎಂದು ಕೇಳದೆ ಮುಂದೆ ಹೋದವನಲ್ಲ. ಅವನೆಂದರೆ ನನಗೂ ಜೀವ.

ಒಂದು ದಿನ ಗೋಡೆಗೆ ಬಣ್ಣ ಬಳಿಯಲು ಬಂದ ಸುಕ್ರು, ಬಣ್ಣ ಸಿಡಿಯಬಾರದೆಂದು ನನ್ನ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದ. ಬಿಚ್ಚಲು ಮರೆತು ಹೋದ. ಅಯ್ಯೋ ಪುಣ್ಯಾತ್ಮ! ಮೂಗು ಕಟ್ಟಿದವನಿಗೆ ಏನು ಗೊತ್ತಾಗಬೇಕು? ಪರದೆಯ ಮೇಲೆ ನನ್ನ ಅಂಕಿ ಸೊನ್ನೆಯಲ್ಲೇ ಕೂತಿತು. ಎಲ್ಲರೂ ಅದನ್ನೇ ಕ್ಷೇಮ ಅಂದುಕೊಂಡರು.

ಮರುದಿನ ಬಾಗಿಲಲ್ಲಿ ಹೊನ್ನಪ್ಪನ ದನಿ ಕೇಳಿತು. ವಾಕಿಟಾಕಿಯಲ್ಲಿ ಮಾತಾಡುತ್ತಿದ್ದ.

"ಲವೀನಾ ಬಾಯಿ, ಕೊಳೆತ ಮೊಟ್ಟೆ ವಾಸನೆ ಬಂದ ಹಾಗಾಯ್ತಲ್ಲ?"

"ಇಲ್ಲಿ ಸೊನ್ನೆ ಉಂಟು, ಹೊನ್ನಪ್ಪಣ್ಣ."

"ಹೌದು, ಈಗ ವಾಸನೆಯೂ ಇಲ್ಲ. ಒಳಗೆ ಹೋಗ್ಲಾ?"

"ಹೋಗಿ."

ನನ್ನ ಜೀವ ಹಾರಿಹೋಯಿತು. ವಾಸನೆ ಹೋಗಿರಲಿಲ್ಲ. ಕೊಳೆತ ಮೊಟ್ಟೆಯ ಹಾಗೆ ನಾರುವ ಆ ವಿಷದ ಗ್ಯಾಸ್ ಮೊದಲು ಕೊಲ್ಲುವುದು ಮನುಷ್ಯನ ಮೂಗನ್ನೇ. ಬರಬೇಡವೋ ಮಾರಾಯ ಎಂದು ಕೂಗಬೇಕಾದ ನಾನು ಚೀಲದೊಳಗೆ ಸುಮ್ಮನೆ ಕೂತಿದ್ದೆ.

ಬೂಟುಗಳು ಹತ್ತಿರ ಬಂದವು. ನನ್ನ ಮುಂದೆ ಗಕ್ಕನೆ ನಿಂತವು. ಚೀಲ ನೋಡಿದ್ದೇ ಹೊನ್ನಪ್ಪನಿಗೆ ಎಲ್ಲ ಅರ್ಥವಾಯಿತು. ಅವನ ಹಿಂದೆಯೇ ಸುಕ್ರು ಬಣ್ಣದ ಡಬ್ಬ ಹಿಡಿದು ಬಾಗಿಲಿಗೆ ಬಂದಿದ್ದ. ಹೊನ್ನಪ್ಪ ತಾನು ಓಡಲಿಲ್ಲ. ಬಗ್ಗಿ ಚೀಲ ಕಿತ್ತ. ನಾನು ಕಿರುಚಿದ ರಭಸಕ್ಕೆ ಸುಕ್ರು ಡಬ್ಬ ಬಿಸಾಡಿ ಓಡಿದ, ಬದುಕಿದ. ಮುಖವಾಡ ಹಾಕಿದವರು ಬಂದು ಎತ್ತುವವರೆಗೆ ಹೊನ್ನಪ್ಪ ನನ್ನ ಪಕ್ಕದಲ್ಲೇ ಬಿದ್ದಿದ್ದ. ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ.

ಈಗ ನಾನು ಮುದುಕ. ದಡದ ಮೇಲಿನ ತರಬೇತಿ ಶಾಲೆಯಲ್ಲಿದ್ದೇನೆ. ಲವೀನಾ ಅಲ್ಲಿ ಪಾಠ ಹೇಳುತ್ತಾಳೆ. ನನ್ನ ಅಂಕಿ ಸೊನ್ನೆಯಲ್ಲಿ ಕೂತಷ್ಟು ಹೊತ್ತೂ ಅವಳ ಮಾತು ತಡವರಿಸುತ್ತದೆ. ಬೇಗ ಬೇಗ ಪರೀಕ್ಷೆಯ ಗ್ಯಾಸ್ ಬಿಡುತ್ತಾಳೆ. ನಾನು ಕಿರುಚುತ್ತೇನೆ. ಕಲಿಯಲು ಬಂದವರು ಬೆಚ್ಚಿಬಿದ್ದು ಕಿವಿ ಮುಚ್ಚಿಕೊಳ್ಳುತ್ತಾರೆ. ಲವೀನಾ ಮಾತ್ರ ಆಗ ಉಸಿರು ಬಿಡುತ್ತಾಳೆ.