ಗೆಡ್ಡೆಯ ತಲೆ ನುಡಿದ ಸಾಕ್ಷಿ

“ಹೆದರ್ಬೇಡ ಕಣೋ, ಬರೀ ಸರ್ಕಮ್‌ಸ್ಟ್ಯಾನ್ಷಿಯಲ್ ಸಾಕ್ಷಿ,” ಎಂದಿದ್ದ ವಕೀಲ. ಹದಿನಾಲ್ಕಕ್ಕೇ ಶಾಲೆ ಬಿಟ್ಟ ಗ್ರ್ಯಾನ್‌ವಿಲ್, ಹಾಗೆಂದರೆ ಲೆಕ್ಕಕ್ಕಿಲ್ಲದ್ದು ಎಂದುಕೊಂಡು ಹಾಯಾಗಿದ್ದ. ಟ್ರೆಲಾನಿ ಬೆಟ್ಟದ ಪುಟ್ಟ ಕೋರ್ಟಿನಲ್ಲಿ ನ್ಯಾಯಾಧೀಶೆ ಆ ನೆಮ್ಮದಿಗೆ ನೀರೆರಚಿದರು.

“ಕೆಸರಲ್ಲಿ ಗೊರಸಿನ ಗುರುತಿದ್ರೆ, ಮೇಕೇನ ನೋಡ್ದೇ ಇದ್ರೂ ಮೇಕೆ ಹೋಗಿದೆ ಅಂತೀವಲ್ಲ? ಸರ್ಕಮ್‌ಸ್ಟ್ಯಾನ್ಷಿಯಲ್ ಅಂದ್ರೆ ಅದು. ಕಣ್ಣಾರೆ ಕಂಡವರಿಲ್ಲ, ಸುತ್ತಲಿನ ಸಂಗತಿಗಳು ಮಾತಾಡ್ತವೆ. ಎಲ್ಲಾ ಒಂದೇ ಕಡೆ ಬೊಟ್ಟು ಮಾಡಿದ್ರೆ ಜೈಲಿಗೆ ಕಳಿಸೋಕೆ ಅಷ್ಟೇ ಸಾಕು.”

ಬೊಟ್ಟೆಲ್ಲ ಅವನತ್ತಲೇ ಇತ್ತು. ಪಕ್ಕದ ಹೊಲದ ಹೆಕ್ಟರ್‌ನ ಹನ್ನೆರಡು ಯಾಮ್ ಗೆಡ್ಡೆ ಕಳುವಾದ ಮರುದಿನವೇ ಇವನ ಅಂಗಳದಲ್ಲಿ ಹನ್ನೆರಡು ಗೆಡ್ಡೆ. ಅದೇ ಕೆಂಪು ಮಣ್ಣು. ಬೇಲಿಯ ಬಳಿ ಇವನದೇ ಬೂಟಿನ ಗುರುತು. ಥೂ! ಶಾಲೆ ಬಿಟ್ಟವನ ಕೈಯಲ್ಲಿ ಗೆಡ್ಡೆ ಕಂಡರೆ ಕದ್ದದ್ದೇ. ಬೆಳೆದಿರಬಹುದು ಎಂದು ಒಬ್ಬನಿಗೂ ತೋಚುವುದಿಲ್ಲ.

ಆಗ ಅವನನ್ನು ಸಾಕಿದ ದೊಡ್ಡಮ್ಮ ಯೂಲಲೀ ಗೋಣಿಚೀಲ ಹಿಡಿದು ಎದ್ದಳು.

“ತಾಯಿ, ಸುತ್ತಲಿನ ಸಂಗತಿ ಅಂದ್ರಲ್ಲ, ನಮ್ದೂ ಸ್ವಲ್ಪ ತಂದಿದೀನಿ. ನೋಡ್ತೀರಾ?”

ಚೀಲದಿಂದ ಹನ್ನೆರಡು ಗೆಡ್ಡೆಯ ತಲೆಗಳು ಹೊರಬಂದವು. ಯಾಮ್ ಕಿತ್ತಾಗ ಮೇಲಿನ ತಲೆಯಷ್ಟನ್ನು ಕತ್ತರಿಸಿ, ಬಳ್ಳಿಯ ಸಮೇತ ಮತ್ತೆ ಮಣ್ಣಿಗೇ ಬಿಡುವುದು ಆ ಬೆಟ್ಟದ ರೂಢಿ. ಮುಂದಿನ ಬೆಳೆ ಅದರಿಂದಲೇ. ಅದನ್ನು ಅಗೆಯುವುದೆಂದರೆ ಬಸುರಿಯ ಹೊಟ್ಟೆಗೆ ಕೈ ಹಾಕಿದಂತೆ. ಹೆಕ್ಟರ್ ಇರಲಿ, ಗ್ರ್ಯಾನ್‌ವಿಲ್ ಕೂಡ ಆ ಯೋಚನೆ ಮಾಡಿರಲಿಲ್ಲ. ಬೆಳಿಗ್ಗೆ ಅವಳು ಗುದ್ದಲಿ ಎತ್ತಿದಾಗ, “ತಲೆ ಕೆಟ್ಟಿದ್ಯಾ ನಿಂಗೆ?” ಎಂದು ಕೂಗಾಡಿದ್ದ.

ಪೊಲೀಸರು ಅಂಗಳದಿಂದ ತಂದು ಮೇಜಿನ ಮೇಲಿಟ್ಟಿದ್ದ ಗೆಡ್ಡೆಯೊಂದಕ್ಕೆ ಅವಳು ತಲೆ ಜೋಡಿಸಿದಳು. ಕಲ್ಲು ಒತ್ತಿ ಆಗಿದ್ದ ತಗ್ಗೊಂದು ತಲೆಯಿಂದ ಗೆಡ್ಡೆಗೆ ನೇರ ಇಳಿಯಿತು. ಇನ್ನೊಂದು. ಮತ್ತೊಂದು. ಉಳಿದದ್ದನ್ನು ನ್ಯಾಯಾಧೀಶೆಯೇ ಕೆಳಗಿಳಿದು ಬಂದು ಜೋಡಿಸಿದರು. ಹನ್ನೆರಡೂ ಕೂತವು.

“ಇವು ನಿಮ್ಮ ಮಣ್ಣಲ್ಲೇ ಇದ್ದವಾ?”

“ಪೊಲೀಸಪ್ಪನ್ನ ನಿಲ್ಲಿಸ್ಕೊಂಡೇ ಅಗೆದೆ ತಾಯಿ. ಅವರನ್ನೇ ಕೇಳಿ.”

ಪೇದೆ ಹೌದೆಂದು ತಲೆಯಾಡಿಸಿದ.

“ಇದೂ ಸರ್ಕಮ್‌ಸ್ಟ್ಯಾನ್ಷಿಯಲ್ಲೇ,” ಎಂದರು ನ್ಯಾಯಾಧೀಶೆ. “ಇದಕ್ಕಿಂತ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ. ಹುಡುಗ ಮನೆಗೆ ಹೋಗಲಿ.”

ಹೊರಗೆ ಹೆಕ್ಟರ್ ಗೊಣಗಿದ. “ಹಂಗಾದ್ರೆ ನಂದು ಕದ್ದೋನು ಯಾರು?”

“ನಿನ್ನ ತಲೆಗಳೂ ಮಣ್ಣಲ್ಲೇ ಇದಾವಲ್ಲ ಹೆಕ್ಟರಪ್ಪ? ಅಗೆದು ಮನೆಮನೆ ತಿರುಗು. ಧೈರ್ಯ ಇದ್ರೆ!” ಎಂದಳು ಯೂಲಲೀ.

ಗ್ರ್ಯಾನ್‌ವಿಲ್‌ಗೆ ಹೆಕ್ಟರ್‌ನ ಮುಖಕ್ಕೆ ಉಗಿಯಬೇಕೆನಿಸಿತ್ತು. ಆದರೆ ಅವನ ಕಣ್ಣು ದೊಡ್ಡಮ್ಮನ ಉಗುರಿನ ಕೆಂಪು ಮಣ್ಣಿನ ಮೇಲಿತ್ತು. ಅಂಗಿ ಬಿಚ್ಚಿ ನಲ್ಲಿಯಲ್ಲಿ ಒದ್ದೆ ಮಾಡಿ, ತಲೆಗಳನ್ನು ಒಂದೊಂದಾಗಿ ಅದರಲ್ಲಿ ಸುತ್ತಿದ.

“ಬದುಕ್ತಾವಾ, ದೊಡ್ಡಮ್ಮ?”

“ಇವತ್ತೇ ನೆಟ್ರೆ ಅರ್ಧ ಬದುಕ್ಬೋದು.”

ಅವನು ಚೀಲವನ್ನು ಎದೆಗವಚಿಕೊಂಡು ಬರಿಮೈಯಲ್ಲೇ ಬಸ್ಸಿಗೆ ಓಡಿದ.