ತಂತಿ ಮ್ಯಾಲಿನ ಸ್ಪಂಜು

ಎಂಥಾ ನೀಲಿ ಬಣ್ಣ ಬಂದದ ಅದಕ್ಕ, ಕಿಡಕ್ಯಾಗಿಂದನೇ ಕಣ್ಣಿಗಿ ಹೊಡೀತದ, ಅಂಗಳದ ತಂತಿ ಮ್ಯಾಲ ಎರಡು ಬಟ್ಟಿ ಚಿಮಟಿ ಹಾಕಿ ಒಣಗಿಸಿದ ಸ್ಪಂಜು, ಮೀನಿನ ಪೆಟಗ್ಯಾಗ ನೀರು ಸೋಸೂದು, ನಿನ್ನಿ ತನಕ ಮಸಿ ಹಿಡದಂಗ ಕರ್ರಗಿತ್ತು, ನಾನೇ ತಿಕ್ಕಿ ತಿಕ್ಕಿ ತೊಳದೆ, ಬೆಂಕಿ ಹತ್ಲಿ ಶಕುಂತಲಾ ನಿನ್ನ ಕೈಗಿ — ಎತ್ತು, ತಂಬಿಗಿ ಎತ್ತು, ಪೆಟಗ್ಯಾಗಿನ ಇದೇ ನೀರು ತುಂಬು, ಮ್ಯಾಲಿಂದ ಸುರಿ, ಚಹಾ ಆರಿಸಿದಂಗ ಸುರಿ, ಬುರುಗು ಏಳ್ಲಿ, ಒಳಗ ಗಾಳಿ ಹೋಗ್ಲಿ, ಮೀನೆಲ್ಲಾ ಮ್ಯಾಲ ಬಂದು ಬಾಯಿ ತೆರೀಲತ್ತಾವ, ತೆರೀತಾವ, ಮುಚ್ತಾವ, ಆ ಕೆಂಪು ಗೆರಿದು ಅಡ್ಡ ಬಿದ್ದದ, ಅಯ್ಯ ಶಿವನೇ, ಸಾಯಬ್ಯಾಡವ್ವ, ಇವತ್ತ ಸಾಯಬ್ಯಾಡ, ಸೊಸಿ ಬರ್ಲತ್ತಾಳ, ಮಗ ಕೈಲಾಸ ಕರಕೊಂಡು ಬರ್ಲಿಕ್ಕಿ ಸ್ಟ್ಯಾಂಡಿಗಿ ಹೋಗ್ಯಾನ, ಆಕಿ ತವರಿನ ಉದಗೀರ ಬಸ್ಸು ನಿಲಂಗಾ ಊರು ಬಿಟ್ಟು ಯಾವಾಗೋ ಆಯ್ತು. ಈ ಕಾಚಿನ ಪೆಟಗಿ ಸಲುವಾಗೇ ಸಿಟ್ಟಾಗಿ ತವರಿಗಿ ಹೋಗಿದ್ಳು ಶುಭಾಂಗಿ, ಲಿಂಗದ ಮನ್ಯಾಗ ಮೀನು ಯಾಕ, ಗಟಾರಕ್ಕ ಚೆಲ್ಲು ಅಂದಾಕಿ ನಾನೇ, ಓಣಿಗೆಲ್ಲಾ ಕೇಳೂಹಂಗ ಅಂದೀನಿ, ಆಮ್ಯಾಲ ಆಕಿನೇ ಫೋನ್ ಮಾಡಿದ್ಳು, ಅತ್ತಿ ಅನಲಿಲ್ಲ, ಮದಿವ್ಯಾಗಿ ಬಂದಾಗಿಂದ ಮೊದಲನೇ ಸಲ ಅವ್ವಾ ಅಂದ್ಳು, ನಿಮ್ಮ ಮ್ಯಾಲ ಭರೋಸಾ ಇಟ್ಟು ಮೀನು ಬಿಟ್ಟೀನ್ರಿ, ಅವು ಬದುಕಿದ್ರ ನಾ ಬರ್ತೀನಿ, ಹಸರು ಕಂಡ್ರ ಹೆದರಬ್ಯಾಡ್ರಿ, ಪಾಚಿ ಅದು, ದೀಪ ಜಲ್ದಿ ಆರಿಸ್ರಿ, ತಿನ್ನಲಿಕ್ಕಿ ಕಮ್ಮಿ ಹಾಕ್ರಿ, ಸ್ಪಂಜಿಗಿ ಮಾತ್ರ ಸಾಬಣ ಮುಟ್ಟಸಬ್ಯಾಡ್ರಿ, ಆ ಹೊಲಸಿನಾಗೇ ನೀರು ಸ್ವಚ್ಛ ಇಡೂ ಕಣ್ಣಿಗಿ ಕಾಣದ ಜೀವ ಇರ್ತಾವ. ಹೊಲಸಿನಾಗ ಜೀವ ಅಂತ! ಈಗಿನ ಹುಡುಗೇರು, ತೊಳೀಲಿಕ್ಕಿ ಬ್ಯಾಸರ, ಅದಕ್ಕೊಂದು ನೆವ ಅಂತ ನಕ್ಕಿದ್ದೆ ನಾ, ಹುಟ್ಟಿದಾಗಿಂದ ಬೂದಿ ಹಚ್ಚಿ ಬೆಳಗಿದ ಕೈ ಇದು, ಕಾಚಿನ ಮ್ಯಾಲಿನ ಹಸರೆಲ್ಲಾ ಒರಸಿದೆ, ಗಿಡದ ಎಲಿ ಎಲಿ ಒರಸಿದೆ, ಸ್ಪಂಜಿಗಿ ಸಾಬಣ ಹಚ್ಚಿ ರಾತ್ರೆಲ್ಲಾ ಆರ್ಲಿ ಅಂತ ತಂತಿಗಿ ಹಾಕಿದೆ, ಆಕಿ ಬಂದವಳೇ ತನ್ನ ಮರಾಠಿಯಾಗ ಅಗಬಾಯಿ ಎಷ್ಟು ಚಂದ ಇಟ್ಟೀರಿ ಅವ್ವಾ ಅನ್ಲಿ ಅಂತ ಮಾಡಿದೆ, ಖರೇನೇ ಅದಕ್ಕೇ ಮಾಡಿದೆ, ಯಾರು ನಂಬ್ತಾರ ನನಗ, ಬೇಕಂತ ಕೊಂದ್ಳು ಮುದುಕಿ ಅಂತಾಳ, ಬಂದ ಬಸ್ಸಿಗೇ ತಿರುಗಿ ಹೋಗ್ತಾಳ, ನನ್ನ ಮಗನ ಮಾರಿ ನಾ ಹ್ಯಾಂಗ ನೋಡ್ಲಿ.

ಸುರಿ, ರಟ್ಟಿ ಬಿದ್ದು ಹೋದ್ರೂ ಸುರಿ, ಕೆಂಪು ಗೆರಿದು ಒಂದು ಸಲ ಬಾಲ ಅಳ್ಳಾಡಿಸ್ತು, ಇಲ್ಲ, ನೀರೇ ಅಳ್ಳಾಡ್ತೇನೋ, ನಳದ ನೀರು ಹಾಕ್ಲೇನು, ಬ್ಯಾಡ, ಔಷಧದ ವಾಸನಿ ಬರ್ಲತ್ತದ, ಇನ್ನೊಂದು ಅನಾಹುತ ಬ್ಯಾಡ — ಆ ಸ್ಪಂಜು, ಗೇಟು ತೆಗದ್ರ ಮೊದಲು ಕಾಣೂದೇ ಅದು, ಓಡಿ ಹೋಗಿ ಸೆರಗಿನಾಗ ಮುಚ್ಚಿಡ್ಲೇನು, ಕರೆಂಟ್ ಹೋಗಿ ಪೆಟಗಿಗಿ ಗಾಳಿ ನಿಂತಿತ್ತು ಅನ್ಲೇನು, ಕರೆಂಟ್ ಹೋಗೂದು ಹೊಸದೇನಲ್ಲ, ನಂಬ್ತಾಳ, ಹತ್ತು ಹೆಜ್ಜಿ ದೂರ ಇಲ್ಲ ಅಂಗಳ, ಹೋಗು, ತಂಬಿಗಿ ಇಡು, ಇಟ್ಟೆ — ಅಯ್ಯ, ಬುರುಗು ಇಳೀತು, ಎಲ್ಲಾ ಮೀನು ಕೂಡಿ ಬಾಯಿ ತೆರದ್ವು, ಕೆಂಪು ಗೆರಿದು ತಳಕ್ಕ ಇಳೀಲತ್ತದ, ಹಿಡಿ, ತಂಬಿಗಿ ಹಿಡಿ, ಸುಳ್ಳು ಹೇಳ್ಲಿಕ್ಕೂ ನನಗ ಪುರುಸೊತ್ತಿಲ್ಲ, ಸುರಿ, ಆಟೋ ನಿಂತಿತು, ಗೇಟಿನ ಸಪ್ಪಳ, ಅವ್ವಾ ಬಂದೇರೀ, ಆಕಿದೇ ಧ್ವನಿ, ಖುಷಿ ಧ್ವನಿ, ಬಾರವ್ವಾ ಅನ್ಬೇಕು, ಮತ್ತ ತಂಬಿಗಿ ತುಂಬಿದೆ, ಚಪ್ಪಲಿ ಸಪ್ಪಳ ಅಂಗಳದಾಗ ಬಂತು, ತಂತಿ ತನಕ ಬಂತು, ನಿಂತಿತು, ಮುಂದ ಬರವಲ್ದು, ತಿರುಗಿ ನೋಡಬ್ಯಾಡ, ಸುರಿ, ನೋಡಿದೆ, ಕೈ ಮ್ಯಾಲೆತ್ಯಾಳ, ಒಂದು ಚಿಮಟಿ ಬಿಚ್ಚ್ಯಾಳ, ಇನ್ನೊಂದು ಚಿಮಟಿಗಿ ಜೋತಾಡ್ಲತ್ತದ ಸ್ಪಂಜು, ನೀಲಿ, ಹೊಸದರಂಗ ನೀಲಿ.